ಹಸಿರು ದಾರದ ಅರಿವೆ

ನಮ್ಮ ಮನೆಯಲ್ಲಿ ಸೋಸದ ನೀರನ್ನು ಯಾರೂ ಬಾಯಿಗೆ ಹಚ್ಚುತ್ತಿರಲಿಲ್ಲ. ಐನಾಪುರದಲ್ಲಿ ಜೈನರ ಮನೆ ಎಂದ ಮೇಲೆ ಇದೇನು ಹೇಳಿಕೊಳ್ಳುವ ಮಾತಲ್ಲ. ಆದರೆ ನಮ್ಮ ಅಜ್ಜಿಯ ಆಳ್ವಿಕೆಯಲ್ಲಿ ಅದು ಒಂದು ಕೈ ಹೆಚ್ಚೇ ಇತ್ತು. ಹಿತ್ತಿಲ ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆ ಮಾಡಿದ ದಪ್ಪ ಬಿಳಿ ಅರಿವೆಯಿಂದ ತಾಮ್ರದ ಹಂಡೆಗೆ ಸೋಸಬೇಕು. ಸೋಸಿದರೆ ಕೆಲಸ ಮುಗಿಯಲಿಲ್ಲ. ಅರಿವೆಯ ಮೇಲೆ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವಲ್ಲ, ಅವನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು ಸಣ್ಣ ತಂಬಿಗೆಗೆ ಇಳಿಸಿ, ಆ ತಂಬಿಗೆಯನ್ನು ಹಗ್ಗದಲ್ಲಿ ಬಾವಿಯ ನೀರಿನ ಮಟ್ಟದವರೆಗೆ ಬಿಟ್ಟು ಅಲ್ಲಿಯೇ ಬಗ್ಗಿಸಬೇಕು. ಮೇಲಿನಿಂದ ಸುರಿದರೆ ಆ ಜೀವಗಳಿಗೆ ಪೆಟ್ಟಾಗುತ್ತದೆ. ಇದಕ್ಕೆ ಜೀವಾಣಿ ಬಿಡುವುದು ಎನ್ನುತ್ತಿದ್ದೆವು. ಕಣ್ಣಿಗೆ ಕಾಣದ ಹುಳಕ್ಕೆ ಪೆಟ್ಟಾಗಬಾರದೆಂದು ಇಷ್ಟು ಜತನ ಮಾಡುತ್ತಿದ್ದ ಮನೆಯಲ್ಲಿ, ಕಣ್ಣಿಗೆ ಕಾಣುವ ಇಬ್ಬರು ಹೆಂಗಸರಿಗೆ ಏನಾಯಿತು ಎನ್ನುವುದನ್ನು ಬರೆಯಲು ಕೂತಿದ್ದೇನೆ. ಮಾಡಿದವಳು ನಾನೇ ಆದ್ದರಿಂದ ಬೇರೆ ಯಾರೂ ಇದನ್ನು ಬರೆಯುವಂತಿಲ್ಲ.

ನೀರಿನ ಕೆಲಸ ಸೊಸೆಯಂದಿರದು. ಹಿರಿಯ ಸೊಸೆ ನನ್ನ ಅವ್ವ, ರತ್ನಾ. ಕಿರಿಯಳು ಕುಸುಮಾ, ನನ್ನ ಕಾಕಾನ ಹೆಂಡತಿ. ಗಡಿಯ ಊರುಗಳ ರೂಢಿಯಂತೆ ನಾನು ಅವಳನ್ನು ಕಾಕು ಎಂದು ಕರೆಯುತ್ತಿದ್ದೆ. ನಿಪ್ಪಾಣಿ ಕಡೆಯ ಅಕ್ಕೋಳದವಳು, ಮದುವೆಯಾಗಿ ಮೂರು ವರ್ಷವಾಗಿತ್ತು, ಇನ್ನೂ ಮಕ್ಕಳಿರಲಿಲ್ಲ. ಆಶ್ಚರ್ಯವಾದಾಗ ಮರಾಠಿಯಲ್ಲಿ 'ಅಗಬಾಯಿ' ಎನ್ನುತ್ತಿದ್ದಳು, ಅವಳಿಗೆ ದಿನಕ್ಕೆ ಹತ್ತು ಸಲ ಆಶ್ಚರ್ಯವಾಗುತ್ತಿತ್ತು. ಒಬ್ಬೊಬ್ಬ ಸೊಸೆಗೆ ಒಂದೊಂದು ಸೋಸುವ ಅರಿವೆ ಎಂದು ಅಜ್ಜಿ ಗೊತ್ತು ಮಾಡಿದ್ದಳು. ಅವರವರದನ್ನು ಅವರವರೇ ಒಗೆಯಬೇಕು, ಮುಟ್ಟಾದ ದಿನಗಳಲ್ಲಿ ಯಾರೂ ಯಾರದನ್ನೂ ಮುಟ್ಟಬಾರದು. ಗುರುತಿಗೆಂದು ಅವ್ವನ ಅರಿವೆಯ ಮೂಲೆಯಲ್ಲಿ ಕೆಂಪು ದಾರದ ನಾಲ್ಕು ಹೊಲಿಗೆ, ಕಾಕುವಿನದರಲ್ಲಿ ಹಸಿರು ದಾರದ ನಾಲ್ಕು ಹೊಲಿಗೆ. ಅರಿವೆ ಬೇರೆಯಾದರೂ ಹೆಂಗಸರು ಬೇರೆಯಿರಲಿಲ್ಲ. ಒಬ್ಬಳು ಸೇದುವಳು, ಒಬ್ಬಳು ಸೋಸುವಳು. ಗಂಡಸರ ಊಟವಾದ ಮೇಲೆ ಹೊತ್ತು ಮುಳುಗುವ ಮುಂಚೆ ಗಡಿಬಿಡಿಯಲ್ಲಿ ಇಬ್ಬರೂ ಒಂದೇ ತಾಟಿನಲ್ಲಿ ರೊಟ್ಟಿ ಮುರಿದುಕೊಂಡು ಉಣ್ಣುತ್ತಿದ್ದರು. ಅಜ್ಜಿ ಬಸದಿಗೆ ಹೋದ ಹೊತ್ತಿನಲ್ಲಿ ಕಾಕು ಅವಳ ನಡಿಗೆಯನ್ನು ಅಣಕಿಸುವಳು, ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. ಅವ್ವ ಹಾಗೆ ನಕ್ಕಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ಗಾಜಿನ ಪೆಟ್ಟಿಗೆಯನ್ನು ತಂದವನು ಕಾಕಾ. ಅಪ್ಪ ದ್ರಾಕ್ಷಿ ತೋಟ ನೋಡಿಕೊಂಡರೆ ಕಾಕಾ ಒಣದ್ರಾಕ್ಷಿಯ ವ್ಯಾಪಾರ ನೋಡಿಕೊಳ್ಳುತ್ತಿದ್ದ. ವಾರಕ್ಕೆರಡು ಸಲ ಮಿರಜಕ್ಕೋ ಸಾಂಗಲಿಗೋ ಹೋಗುವವನು, ದೊಡ್ಡ ವ್ಯಾಪಾರಿಗಳ ಮನೆಯ ಹಾಲ್‌ನಲ್ಲಿ ಏನೇನಿದೆ ಎಂದು ನೋಡಿ ಬರುವವನು. ಒಂದು ದಿನ ಟೆಂಪೋದಲ್ಲಿ ಮೂರು ಅಡಿಯ ಮೀನಿನ ಪೆಟ್ಟಿಗೆ, ಗುಳ್ಳೆ ಬಿಡುವ ಯಂತ್ರ, ನೀರು ತುಂಬಿದ ಎರಡು ಪ್ಲಾಸ್ಟಿಕ್ ಚೀಲ ಇಳಿದವು. ಒಂದರಲ್ಲಿ ಬಣ್ಣದ ಬಾಲದ ಸಣ್ಣ ಗಪ್ಪಿಗಳು, ಇನ್ನೊಂದರಲ್ಲಿ ಮೈಯೆಲ್ಲ ಕಪ್ಪಾದ ನಾಲ್ಕು ಮೋಲಿಗಳು. ಅಜ್ಜಿ ಜಪಮಾಲೆ ಹಿಡಿದುಕೊಂಡೇ ಪಡಸಾಲೆಗೆ ಬಂದಳು.

"ಜೈನರ ಮನ್ಯಾಗ ಮೀನಾ? ನಾಳೆ ಕೋಳಿ ತರತಿ ಏನ?"

"ತಿನ್ನಾಕಲ್ಲವ್ವ, ಸಾಕಾಕ. ನಾ ತರಲಿಲ್ಲಂದ್ರ ಮತ್ತ ಯಾರ ಒಯ್ತಿದ್ರೋ, ಹೆಂಗ ಸಾಯಿಸ್ತಿದ್ರೋ. ಜೀವಾ ಉಳಿಸೇನಿ ಅಂತ ತಿಳಿ."

"ತತ್ತಿ ಇಟ್ಟು ಮನಿ ತುಂಬ ಮಾಡತಾವ."

"ಅದನ್ನೂ ಕೇಳಕೊಂಡ ಬಂದೇನಿ. ಇವು ತತ್ತಿ ಇಡೂ ಜಾತಿ ಅಲ್ಲ. ಆಕಳಂಗ ಮರೀನ ಹಾಕತಾವ."

ಆಕಳ ಹೆಸರು ಬಂದದ್ದಕ್ಕೆ ಅಜ್ಜಿ ಮೆತ್ತಗಾದಳು. ಪೆಟ್ಟಿಗೆಗೆ ಸೋಸಿದ ನೀರನ್ನೇ ಹಾಕಬೇಕು, ಮೀನಿಗೆ ಹುಳಹುಪ್ಪಡಿ ಹಾಕಕೂಡದು ಎಂದು ಎರಡು ಕರಾರು ಹಾಕಿ ಒಪ್ಪಿದಳು. ಡಬ್ಬಿಯಲ್ಲಿ ಬಂದ ಕಾಳು ಗೋದಿ ಹಿಟ್ಟಿನದು ಎಂದು ಕಾಕಾ ಹೇಳಿದ, ಎಲ್ಲರೂ ನಂಬಿದೆವು. ಹೈಸ್ಕೂಲಿಗೆ ಹೋದ ಮೇಲೆ ನಾನು ಅದೇ ಡಬ್ಬಿಯ ಮೇಲಿನ ಅಕ್ಷರ ಓದಿದೆ, ಮೊದಲ ಹೆಸರೇ ಮೀನಿನ ಪುಡಿಯದು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕಾಕಾನಿಗೆ ಬರುತ್ತಿತ್ತು.

ಮೀನಿನ ಚಾಕರಿ ನನ್ನ ಪಾಲಿಗೆ ಬಂತು. ನನಗಾಗ ಹತ್ತು ವರ್ಷ, ತಮ್ಮ ಇನ್ನೂ ತೊಟ್ಟಿಲಲ್ಲಿದ್ದ, ಆ ಮನೆಯಲ್ಲಿ ನನ್ನದು ಎನ್ನುವಂಥದ್ದು ಒಂದು ಪಾಟಿಚೀಲ ಬಿಟ್ಟರೆ ಬೇರೆ ಇರಲಿಲ್ಲ. ಶಾಲೆಯಿಂದ ಬಂದು ಗಾಜಿಗೆ ಮೂಗು ಹಚ್ಚಿ ಕೂತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ದೊಡ್ಡ ಹೆಣ್ಣು ಮೋಲಿಯ ಹೊಟ್ಟೆ ದಿನದಿನಕ್ಕೆ ಉಬ್ಬಿತು. ಒಂದು ಭಾನುವಾರ ಬೆಳಿಗ್ಗೆ ಅಜ್ಜಿ ಬಸದಿಯಿಂದ ಬಂದು, ಕಾಲು ತೊಳೆದು, ಪೆಟ್ಟಿಗೆಯ ಮುಂದೆ ನಿಂತಳು. ಮೋಲಿಯ ಬಾಲದ ಕೆಳಗಿನಿಂದ ಅಕ್ಕಿಕಾಳಿಗಿಂತ ಸಣ್ಣದೊಂದು ಕಪ್ಪು ಚೂರು ಬಿತ್ತು, ತಳಕ್ಕಿಳಿಯುವ ಮೊದಲೇ ಬಾಲ ಆಡಿಸಿ ಮೇಲೆದ್ದಿತು. ಅಜ್ಜಿಯ ಮುಖ ಅರಳಿತು. ಆ ಮರುಕ್ಷಣ ಮೋಲಿ ತಿರುಗಿ ಆ ಮರಿಯನ್ನು ನುಂಗಿತು. ಇನ್ನೊಂದು ಬಿತ್ತು, ಅದನ್ನು ಗಪ್ಪಿಗಳು ಹಂಚಿಕೊಂಡವು.

"ಹಡದಾಕೀನ ತಿನ್ನಾಕತ್ತಾಳಲ್ಲೋ! ನನ್ನ ಕಣ್ಣ ಮುಂದ! ನನ್ನ ಮನ್ಯಾಗ!"

ಕಾಕಾ ಏನೇನೋ ಸಮಜಾಯಿಷಿ ಹೇಳಿದ, ನಡೆಯಲಿಲ್ಲ. ನಾನು ಅಜ್ಜಿಯ ಕಾಲು ಹಿಡಿದುಕೊಂಡು ಅತ್ತೆ. ಅಜ್ಜಿ ಕೊನೆಗೆ ಒಂದು ಮಾತು ಕೊಟ್ಟಳು. ಮುಂದಿನ ಸಲ ಹಡೆದಾಗ ಮರಿಗಳು ಉಳಿದು ಬೆಳೆದರೆ ಪೆಟ್ಟಿಗೆ ಇರುತ್ತದೆ, ಇಲ್ಲದಿದ್ದರೆ ಕಾಕಾ ತಂದ ದಾರಿಯಲ್ಲೇ ಹಿಂದಕ್ಕೆ. ಹೀಗೆ ಆ ಮನೆಯಲ್ಲಿ ನನಗೆ ಮೊಟ್ಟಮೊದಲ ಸಲ ಒಂದು ಹೊಣೆ ಬಂತು.

ಅದೇ ಮಳೆಗಾಲದಲ್ಲಿ ಊರಿನ ಬಸದಿಯಲ್ಲಿ ಮುನಿಮಹಾರಾಜರ ಚಾತುರ್ಮಾಸ ನಡೆದಿತ್ತು. ಮಹಾರಾಜರು ದಿನಕ್ಕೊಮ್ಮೆ ಆಹಾರಕ್ಕೆ ಹೊರಡುತ್ತಾರೆ. ಮನಸ್ಸಿನಲ್ಲಿ ಏನೋ ಒಂದು ಗುರುತು ನಿಶ್ಚಯಿಸಿಕೊಂಡು ಬರುತ್ತಾರೆ, ಯಾರಿಗೂ ಹೇಳುವುದಿಲ್ಲ, ಆ ಗುರುತು ಕಂಡ ಮನೆಯ ಮುಂದೆ ನಿಲ್ಲುತ್ತಾರೆ. ಕಾಣದಿದ್ದರೆ ಆ ದಿನ ಉಪವಾಸ. ನಿಂತ ಮನೆಯಲ್ಲಿ ಹೆಂಗಸರು ಗಂಡಸರು ಸೇರಿ ಅವರ ಬೊಗಸೆಗೆ ತುತ್ತು ತುತ್ತಾಗಿ ಆಹಾರ ಇಡುತ್ತಾರೆ. ಅನಂತಪುರದಲ್ಲಿದ್ದ ಅವ್ವನ ತವರುಮನೆಯ ಮುಂದೆ ಒಮ್ಮೆಯೂ ಯಾವ ಮಹಾರಾಜರೂ ನಿಂತಿರಲಿಲ್ಲ. ನಮ್ಮ ಮನೆಯ ಮುಂದೆ ಕಳಶ ಹಿಡಿದು ನಿಂತು, ತನ್ನ ಕೈಯಿಂದ ಆ ಬೊಗಸೆಗೆ ನೀರು ಬಿಡಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಅದಕ್ಕಾಗಿ ನಾಲ್ಕು ತಿಂಗಳು ಒಪ್ಪೊತ್ತಿನ ವ್ರತ ಹಿಡಿದಿದ್ದಳು. ಎದೆಹಾಲು ಕುಡಿಯುವ ಮಗುವಿನ ತಾಯಿ, ಒಂದು ಹೊತ್ತು ಉಂಡು ಬಾವಿಯ ಹಗ್ಗ ಜಗ್ಗಿದರೆ ಏನಾಗಬೇಕೋ ಅದಾಯಿತು. ಒಂದು ದಿನ ಬಾವಿಕಟ್ಟೆಯ ಮೇಲೆ ಕಣ್ಣು ಕತ್ತಲೆ ಬಂದು ಕುಸಿದಳು. ಕಾಕು ಅವಳನ್ನು ಬಸ್ಸಿನಲ್ಲಿ ಕಾಗವಾಡಕ್ಕೆ ಕರೆದೊಯ್ದಳು, ಸಂಗಡ ನಾನೂ ಹೋದೆ. ಅಲ್ಲಿನ ಡಾಕ್ಟರ್ ಬಾಯಿ ಅವ್ವನ ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ರಕ್ತಾನ ಇಲ್ಲಲ್ರಿ ಮೈಯಾಗ. ದಿನಾ ಒಂದ ತತ್ತಿ ತಿನ್ರಿ."

"ನಮ್ಮಲ್ಲಿ ನಡ್ಯಾಂಗಿಲ್ಲ್ರಿ ಬಾಯಿ. ಗುಳಿಗಿ ಇದ್ರ ಕೊಡ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ಕಾಕು ಡಾಕ್ಟರ್ ಬಾಯಿಯ ದನಿ ತೆಗೆದು 'ತತ್ತಿ ತಿನ್ರಿ' ಎಂದು ಅಣಕಿಸಿ ಅವ್ವನನ್ನು ನಗಿಸಿದಳು. ಮನೆಯಲ್ಲಿ ಮಾತ್ರ ಈ ಮಾತು ಎತ್ತಬಾರದು ಎಂದು ಅವ್ವ ಹೇಳಿದಳು. ಅಜ್ಜಿಯ ಕಿವಿಗೆ ಬಿದ್ದರೆ ಆ ಡಾಕ್ಟರರ ಗುಳಿಗೆಯನ್ನೂ ನುಂಗಲು ಬಿಡುವುದಿಲ್ಲ ಎಂದು ಅವಳ ಹೆದರಿಕೆ. ಕಾಕು ಆಣೆ ಮಾಡಿದಳು. ನಾನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ನನ್ನ ಮೋಲಿಯ ಯೋಚನೆಯಲ್ಲಿದ್ದೆ.

ಮೋಲಿಯ ಹೊಟ್ಟೆ ಮತ್ತೆ ತುಂಬಿತ್ತು. ಮಿರಜದ ಅಂಗಡಿಯವನನ್ನು ಕೇಳಿಕೊಂಡು ಬಾ ಎಂದು ಕಾಕಾನ ಬೆನ್ನು ಹತ್ತಿದ್ದೆ. ಹೊಟ್ಟೆ ದುಂಡಗಿದ್ದದ್ದು ಚೌಕಾಗುತ್ತ ಬಂದರೆ, ಅದು ಮೂಲೆ ಹುಡುಕಿ ಒಂಟಿಯಾಗಿ ನಿಂತರೆ, ಒಂದೆರಡು ದಿನದಲ್ಲಿ ಹಡೆಯುತ್ತದೆ. ಮೊದಲೇ ಬೇರೆ ಪಾತ್ರೆಗೆ ಹಾಕಬೇಕು, ಅಡಗಲು ನೀರುಗಿಡ ಇರಬೇಕು, ಹಡೆದ ಕೂಡಲೇ ತಾಯಿಯನ್ನು ತೆಗೆಯಬೇಕು. ಇಷ್ಟು ಕಾಕಾ ಹೇಳಿದ. ಪಾತ್ರೆ ಕೊಟ್ಟವಳು ಕಾಕು. ಉಪ್ಪಿನಕಾಯಿಯ ದೊಡ್ಡ ಗಾಜಿನ ಬರಣಿಯನ್ನು ಮೂರು ದಿನ ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗಿಟ್ಟು, ವಾಸನೆ ಹೋಗಿದೆಯೋ ಇಲ್ಲವೋ ಎಂದು ತಾನೇ ಮೂಗಿಟ್ಟು ನೋಡಿ ಕೊಟ್ಟಳು. ಬರಣಿಯನ್ನು ಮಾಳಿಗೆಯ ತನ್ನ ಕೋಣೆಯ ಕಿಟಕಿಯಲ್ಲೇ ಇಡು ಎಂದಳು, ಕೆಳಗೆ ಅಜ್ಜಿಯ ಕಾಟ. ಬಾಯಿಗೆ ಮುಚ್ಚಲು ತನ್ನ ಹಳೆಯ ಸೋಸುವ ಅರಿವೆಯನ್ನೂ ಕೊಟ್ಟಳು, ಅವಳಾಗಲೇ ಹೊಸದನ್ನು ಹೊಲಿದುಕೊಂಡಿದ್ದಳು. ನಾನು ಅದನ್ನು ಎರಡು ತುಂಡು ಮಾಡಿ ಒಂದನ್ನು ಬರಣಿಗೆ ಕಟ್ಟಿದೆ. ಹಸಿರು ದಾರವಿದ್ದ ತುಂಡು ನನ್ನ ಬಳಿ ಉಳಿಯಿತು.

ಮೋಲಿ ಹಡೆದದ್ದು ಶಾಲೆಗೆ ಹೊರಡುವ ಹೊತ್ತಿಗೆ. ನಾನು ಶಾಲೆ ತಪ್ಪಿಸಿದೆ. ಕಾಕು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಒಂದೊಂದು ಬಿದ್ದಾಗಲೂ 'ಅಗಬಾಯಿ' ಎಂದಳು. ಅವ್ವನೂ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ನೋಡಿದಳು.

"ಹಡದಾಕಿಗೂ ಏನರ ತಿನ್ನಾಕ ಹಾಕ, ಪದ್ದಿ. ಹಸದಿರತಾಳ."

ಮೂವತ್ತೊಂದು ಮರಿಗಳು. ತಾಯಿಯನ್ನು ಜಾಳಿಗೆಯಲ್ಲಿ ಎತ್ತಿ ದೊಡ್ಡ ಪೆಟ್ಟಿಗೆಗೆ ಬಿಟ್ಟೆ. ಎರಡನೆಯ ದಿನ ಮೂರು ಮರಿ ತಳದಲ್ಲಿ ಬಿದ್ದಿದ್ದವು. ಮೂರನೆಯ ದಿನ ಮತ್ತೆ ನಾಲ್ಕು. ಡಬ್ಬಿಯ ಕಾಳನ್ನು ಲಟ್ಟಣಿಗೆಯಲ್ಲಿ ಅರೆದು ಹಾಕಿದರೂ ಅವುಗಳ ಬಾಯಿಗೆ ದೊಡ್ಡದಾಗುತ್ತಿತ್ತು, ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದವು. ಕಾಕಾನನ್ನು ಮತ್ತೆ ಪೀಡಿಸಿದೆ. ಅಂಗಡಿಯವ ಏನು ಹೇಳಿದ ಎಂದು ಕೇಳಿದರೆ ಮೊದಲು ನಕ್ಕ.

"ಹೇಳಿದಾ, ಆದ್ರ ನಮಗ ಬರೂವಂಥಾದ್ದಲ್ಲ. ಕುದಿಸಿದ ತತ್ತಿ ಒಳಗಿನ ಹಳದೀ ಅರಿವ್ಯಾಗ ಕಟ್ಟಿ ನೀರಾಗ ಹಿಂಡಬೇಕಂತ. ಬಿಡ, ಇದ್ದಷ್ಟ ಇರಲಿ."

ನಾನು ಬಿಡಲಿಲ್ಲ. ಶಾಲೆಯಲ್ಲಿ ನನ್ನ ಬೆಂಚಿನ ಕಲ್ಪನಾಳ ಮನೆಯಲ್ಲಿ ಕೋಳಿಗಳಿದ್ದವು. ಮರುದಿನ ಅವಳು ಕಾಗದದಲ್ಲಿ ಸುತ್ತಿ ಒಂದು ಕುದಿಸಿದ ಮೊಟ್ಟೆ ತಂದಳು. ಬಿಳಿಯ ಭಾಗವನ್ನು ಅವಳೇ ತಿಂದಳು, ಹಳದಿಯನ್ನು ನಾನು ಕಂಪಾಸು ಡಬ್ಬಿಯಲ್ಲಿ ಮನೆಗೆ ತಂದೆ. ಹಸಿರು ದಾರದ ತುಂಡಿನಲ್ಲಿ ಕಟ್ಟಿ ಬರಣಿಯ ನೀರಿನಲ್ಲಿ ಮೆಲ್ಲಗೆ ಅದುಮಿದೆ. ಹಳದಿ ಮಂಜಿನಂತೆ ಹರಡಿತು. ಮರಿಗಳು ಬಂದವು, ಮುತ್ತಿಕೊಂಡವು, ಅವುಗಳ ಹೊಟ್ಟೆ ಹಳದಿಯಾಗಿ ಹೊರಗಿನಿಂದಲೇ ಕಾಣಿಸಿತು. ಆ ದಿನದ ನನ್ನ ಸಂತೋಷವನ್ನು ಈಗಲೂ ಸುಳ್ಳು ಎನ್ನಲಾರೆ. ಜೀವ ಉಳಿಸಲೆಂದೇ ಇರುವ ಅರಿವೆ ಇದು, ಜೀವ ಉಳಿಸುತ್ತಿದೆ ಎಂದು ನನ್ನ ಹತ್ತು ವರ್ಷದ ತಲೆ ಲೆಕ್ಕ ಹಾಕಿತ್ತು. ಅಂದಿನಿಂದ ಒಂದು ಮರಿಯೂ ಸಾಯಲಿಲ್ಲ. ಉಳಿದ ಹಳದಿ ಕೆಡಬಾರದಲ್ಲ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ನೀರಿನ ಕೋಣೆ. ಅಲ್ಲಿಗೆ ಅವ್ವ ಮತ್ತು ಕಾಕುವನ್ನು ಬಿಟ್ಟರೆ ಯಾರೂ ಹೋಗುತ್ತಿರಲಿಲ್ಲ, ಮಕ್ಕಳಂತೂ ಕಾಲಿಡುವಂತಿರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ನುಸುಳಿ, ಹಂಡೆಯ ಹಿಂದಿನ ಗೋಡೆಯ ಗೂಡಿನಲ್ಲಿ ಆ ಗಂಟನ್ನು ಇಟ್ಟೆ. ವಾರಕ್ಕೊಂದು ಮೊಟ್ಟೆ, ಮೂರು ವಾರ ನಡೆಯಿತು.

ನನ್ನನ್ನು ಹಿಡಿದುಕೊಟ್ಟದ್ದು ಇರುವೆಗಳು. ಬೇರೆ ಮನೆಯಾಗಿದ್ದರೆ ಕಸಬರಿಗೆಯಿಂದ ಗುಡಿಸಿ ಬಿಡುತ್ತಿದ್ದರು. ನಮ್ಮ ಅಜ್ಜಿ ಇರುವೆಯ ಸಾಲು ಕಂಡರೆ ಅದು ಎಲ್ಲಿಂದ ಹೊರಟಿದೆ, ಎಲ್ಲಿಗೆ ಹೋಗುತ್ತಿದೆ ಎಂದು ಪೂರ್ತಿ ನೋಡಿ, ಮೆತ್ತಗಿನ ನೂಲಿನ ಪೊರಕೆಯಿಂದ ಒಂದೊಂದನ್ನೂ ದಾರಿ ಬಿಡಿಸುವವಳು. ಆ ದಿನ ಸಾಲಿನ ಹಿಂದೆ ಹೋಗಿ ಗೂಡಿಗೆ ಕೈ ಹಾಕಿದಳು. ನಾನು ಶಾಲೆಯಿಂದ ಬಂದಾಗ ಅವ್ವ ಹಿಟ್ಟಿನ ಕೈಯಲ್ಲಿ, ಕಾಕು ಒದ್ದೆ ಸೆರಗಿನಲ್ಲಿ, ಇಬ್ಬರೂ ನೀರಿನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅಜ್ಜಿ ಆ ಗಂಟನ್ನು ಒಂದು ಕಡ್ಡಿಯಿಂದ ನೆಲದ ಮೇಲೆ ಬಿಚ್ಚಿದ್ದಳು.

"ನೀರಿನ ಅರಿವ್ಯಾಗ ತತ್ತಿ. ಮಹಾರಾಜರು ಯಾವಾಗರ ಬಂದ ನಿಲ್ಲೂ ಮನಿ ಇದು. ಯಾರ ಇಟ್ರಿ?"

ಅವ್ವನ ಕಣ್ಣು ಅರಿವೆಯ ಮೂಲೆಯಲ್ಲಿದ್ದ ಹಸಿರು ದಾರದ ಮೇಲಿತ್ತು. ಕಾಕುವೂ ಅದನ್ನು ನೋಡಿದಳು. ನೋಡಿ, ತಲೆಯೆತ್ತಿ, ಅಜ್ಜಿಯನ್ನೂ ಅಲ್ಲ ಅವ್ವನನ್ನೂ ಅಲ್ಲ, ಬಾಗಿಲಾಚೆ ಪಾಟಿಚೀಲ ಹೊತ್ತು ನಿಂತಿದ್ದ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಆ ಅರಿವೆಯನ್ನು ನನಗೆ ಕೊಟ್ಟವಳು ಅವಳೇ.

"ಈ ಕ್ವಾಣ್ಯಾಗ ನೀವಿಬ್ರ ಬಿಟ್ರ ಮೂರನೇದಾಕಿ ಬರೂದಿಲ್ಲ. ಬಾಯಿ ಬಿಡ್ರಿ," ಎಂದಳು ಅಜ್ಜಿ. "ರತ್ನಾ, ನೀ ಹಿರೇಕಿ. ನೀ ಹೇಳ."

"ನನಗ ಗೊತ್ತಿಲ್ರಿ ಅತ್ತಿ. ಬಸದಿ ಆಣಿ."

ಆಗ ಕಾಕು ಬಾಯಿ ಹಾಕಿದಳು. ನನ್ನನ್ನೂ ಉಳಿಸಬೇಕು, ಅವ್ವನನ್ನೂ ಉಳಿಸಬೇಕು ಎಂದು ಆ ಗಡಿಬಿಡಿಯಲ್ಲಿ ಅವಳಿಗೆ ತೋಚಿದ್ದು ಅದೊಂದೇ.

"ಅಕ್ಕ ಅಂಥಾಕಿ ಅಲ್ರಿ ಅತ್ತಿ. ಕಾಗವಾಡದ ಡಾಕ್ಟರ್ ಬಾಯಿ ದಿನಾ ತತ್ತಿ ತಿನ್ನ ಅಂದ್ರೂ ಒಲ್ಲೆ ಅಂದ ಬಂದಾಳ್ರಿ. ನಾನ ಇದ್ದೆ ಸಂಗಾಟ."

"ತತ್ತಿ ತಿನ್ನ ಅಂದಿದ್ರ?" ಅಜ್ಜಿಯ ದನಿ ಇಳಿಯಿತು. "ಯಾವಾಗ? ನನಗ್ಯಾಕ ಹೇಳಲಿಲ್ಲ? ಹಂಗಾರ ಇದ ಔಷಧದ ತತ್ತಿ. ಗುರುತ ಸಿಗಬಾರದಂತ ಕುಸುಮಾನ ಅರಿವ್ಯಾಗ ಕಟ್ಟೀದಿ."

ಅವ್ವ ಕಾಕುವಿನ ಕಡೆ ತಿರುಗಿದಳು. ಅವಳಿಗೆ ಆ ಹೊತ್ತಿನಲ್ಲಿ ಕಂಡದ್ದೇನೆಂದು ನಾನು ಆಮೇಲೆ ಎಷ್ಟೋ ವರ್ಷ ಯೋಚಿಸಿದ್ದೇನೆ. ಗಂಟು ಕುಸುಮಾಳ ಅರಿವೆಯದು. ಡಾಕ್ಟರರ ಮಾತು ಗೊತ್ತಿದ್ದದ್ದು, ಲೆಕ್ಕಕ್ಕಿಲ್ಲದ ನನ್ನನ್ನು ಬಿಟ್ಟರೆ, ಕುಸುಮಾಳೊಬ್ಬಳಿಗೆ. ಹೇಳುವುದಿಲ್ಲ ಎಂದು ಆಣೆ ಮಾಡಿದವಳು ಎಲ್ಲರೆದುರು ಹೇಳಿದಳು. ಹಿರಿಯ ಸೊಸೆ ಹೊರಗಾದರೆ ಕಳಶ ಹಿಡಿಯುವವಳು ಕಿರಿಯ ಸೊಸೆ. ಇಷ್ಟನ್ನು ಜೋಡಿಸಲು ಯಾರಿಗೂ ಹೆಚ್ಚು ಬುದ್ಧಿ ಬೇಕಿಲ್ಲ. ಕಾಕು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಗದರಿಸುವ ನೋಟವಲ್ಲ. ನಾನು ಹೇಳಲಿ ಎಂದು ಕಾಯುತ್ತಿದ್ದಳು, ಹೇಳಿಯೇ ಹೇಳುತ್ತೇನೆ ಎಂದು ನಂಬಿದ್ದಳು. ನನ್ನ ತಲೆಯಲ್ಲಿ ಮಾಳಿಗೆಯ ಬರಣಿ ಮಾತ್ರ ಇತ್ತು. ಹೇಳಿದರೆ ಇವತ್ತೇ ಪೆಟ್ಟಿಗೆ ಹೊರಗೆ. ನಾನು ನೆಲ ನೋಡಿದೆ.

ಅಪ್ಪ ತೋಟದಿಂದ ಬಂದು ಎಲ್ಲ ಕೇಳಿ, ಅಜ್ಜಿ ಹೇಳಿದಂತೆ ಆಗಲಿ ಎಂದು ಕೈಕಾಲು ತೊಳೆಯಲು ಹೋದ. ಅಜ್ಜಿಯ ತೀರ್ಪು ಸಣ್ಣದಿತ್ತು. ಮಹಾರಾಜರ ಅಡುಗೆ ಮಾಡುವ ಚೌಕಕ್ಕೆ ರತ್ನಾ ಕಾಲಿಡಬಾರದು, ಬಾಗಿಲಲ್ಲಿ ನಿಲ್ಲಬಾರದು, ಸೋಸುವ ಅರಿವೆ ಮುಟ್ಟಬಾರದು. ಅವ್ವ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಆ ಸಂಜೆ ತನ್ನ ತಾಟನ್ನು ಬೇರೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಉಂಡಳು. ಕಾಕು ತಾಟು ಹಿಡಿದು ಹಿಂದೆ ನಿಂತೇ ಇದ್ದಳು.

"ಅಕ್ಕಾ, ನಾ ಅಲ್ಲಕ್ಕಾ. ನಿನ್ನ ಪಾದದ ಆಣಿ."

"ನಿನ್ನ ಆಣಿ ನೋಡೇನಿ."

ಅವ್ವ ಅವಳೊಂದಿಗೆ ಆಡಿದ ಕೊನೆಯ ಮಾತು ಅದು. ನಾನು ಬಚ್ಚಲ ಬಾಗಿಲಿನಿಂದ ಕೇಳಿಸಿಕೊಂಡೆ. ಆಗ ಹೋಗಿ ನಡುವೆ ನಿಂತಿದ್ದರೆ ಎರಡು ಏಟು ಬೀಳುತ್ತಿತ್ತು, ಅಷ್ಟೇ. ಏಟಿಗೆ ಹೆದರಿದೆ ಎಂದು ಬರೆದರೆ ಓದುವವರು ಕ್ಷಮಿಸಿಯಾರು. ನಿಜ ಅದಲ್ಲ. ನಾಳೆ ಹೇಳೋಣ, ಮರಿ ಇನ್ನೊಂದು ಸುತ್ತು ದೊಡ್ಡವಾಗಲಿ ಎಂದುಕೊಂಡೆ.

ತಿಂಗಳ ಕೊನೆಗೆ ಮಹಾರಾಜರು ನಮ್ಮ ಓಣಿಗೆ ಬಂದರು. ಅವರ ಮನಸ್ಸಿನ ಗುರುತು ಏನಿತ್ತೋ, ನಮ್ಮ ಬಾಗಿಲ ಮುಂದೆ ನಿಂತರು. ಕಾಕಾ ಕಾಕು ಕಳಶ ಹಿಡಿದು 'ನಮೋಸ್ತು ನಮೋಸ್ತು' ಎಂದರು, ಅಜ್ಜಿಯ ಕಣ್ಣಲ್ಲಿ ನೀರಾಡಿತು, ಓಣಿಯ ಮಂದಿಯೆಲ್ಲ ಅಂಗಳದಲ್ಲಿ ಸೇರಿದರು. ಕಾಕು ಬೊಗಸೆಗೆ ನೀರು ಬಿಡುವಾಗ ಹಿತ್ತಿಲ ಬಾಗಿಲ ಕಡೆ ತಿರುಗಿ ನೋಡಿ ಎರಡು ಹನಿ ಹೊರಗೆ ಚೆಲ್ಲಿದಳು. ಭಕ್ತಿಯಿಂದ ಮೈಮರೆತಳು ಎಂದರು ಜನ. ನಾನು ಹಿತ್ತಿಲಿಗೆ ಹೋದೆ. ಅವ್ವ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಯಾರೂ ಕರೆಯದಿದ್ದರೂ ಪೂರ್ತಿ ಸಿದ್ಧಳಾಗಿ, ಬಾವಿಕಟ್ಟೆಯ ಮೇಲೆ ಕೂತಿದ್ದಳು. ಒಳಗಿನ ದನಿಯೆಲ್ಲ ಅಲ್ಲಿಗೆ ಕೇಳುತ್ತಿತ್ತು.

"ನೀರ ಯಾರ ಬಿಟ್ರ?"

"ಕಾಕು."

"ಹೂಂ," ಎಂದಳು, ಎದ್ದು ಹೋಗಿ ಹಗ್ಗದ ಮೇಲಿನ ಬಟ್ಟೆ ತೆಗೆಯತೊಡಗಿದಳು.

ಮೂವತ್ತೊಂದರಲ್ಲಿ ಇಪ್ಪತ್ತನಾಲ್ಕು ಮರಿಗಳು ಉಳಿದು ಬೆಳೆದವು. ತಾಯಿಯ ಬಾಯಿಗೆ ಹಿಡಿಸದಷ್ಟು ದೊಡ್ಡವಾದ ಮೇಲೆ ಪೆಟ್ಟಿಗೆಗೆ ಬಿಟ್ಟೆ. ಅಜ್ಜಿ ತಿರುಗಿಯೂ ನೋಡಲಿಲ್ಲ, ತಾನು ಕೊಟ್ಟ ಮಾತೇ ಅವಳಿಗೆ ಮರೆತುಹೋಗಿತ್ತು. ನಾನು ಗೆದ್ದಿದ್ದೆ. ಮುಂದಿನ ಬೇಸಿಗೆಯಲ್ಲಿ ಆ ಮರಿಗಳೇ ಹಡೆದವು, ಹಡೆದದ್ದನ್ನು ತಿಂದವು. ನಾನು ಹತ್ತಿರ ಕೂತು ನೋಡಿದೆ, ಬರಣಿಯನ್ನು ಕೆಳಗಿಳಿಸಲಿಲ್ಲ. ಮರುವರ್ಷ ಮನೆಯ ನಡುವೆ ಗೋಡೆ ಎದ್ದಿತು. ಅಣ್ಣತಮ್ಮಂದಿರಿಗೆ ಜಗಳವಿರಲಿಲ್ಲ, ಒಲೆಗಳು ಬೇರೆಯಾದವು, ಒಲೆಯ ಹಿಂದೆ ಮನೆ ಬೇರೆಯಾಯಿತು. ಗಾಜಿನ ಪೆಟ್ಟಿಗೆ ಕಾಕಾನ ಪಾಲಿಗೆ ಹೋಗಿ, ಬಿರುಕು ಬಿಟ್ಟು, ಮೆಕ್ಕೆಜೋಳ ತುಂಬುವ ಡಬ್ಬವಾಯಿತು. ಬಾವಿ ಮಾತ್ರ ಗೋಡೆಯ ಕೊನೆಯಲ್ಲಿ ಎರಡೂ ಮನೆಗೆ ಒಂದೇ ಉಳಿಯಿತು. ಅಜ್ಜಿ ತೀರಿಕೊಂಡ ಮೇಲೆ ಅವ್ವ ಮತ್ತೆ ಕೆಂಪು ದಾರದ ಅರಿವೆ ಹಿಡಿದಳು. ಇವಳು ಸೇದುವಾಗ ಅವಳು ಬರುವುದಿಲ್ಲ, ಅವಳು ಜೀವಾಣಿ ಬಿಡುವಾಗ ಇವಳು ಒಳಗೆ. ಒಂದೇ ಬಾವಿಯ ನೀರು ಕುಡಿದು ಇಪ್ಪತ್ತಾರು ವರ್ಷ ಇಬ್ಬರೂ ಹೀಗೆ ಕಳೆದರು.

ಹೇಳಲು ನನಗೆ ಅವಕಾಶವೇ ಸಿಗಲಿಲ್ಲವೆಂದಲ್ಲ. ಅಥಣಿಗೆ ನನ್ನ ಮದುವೆಯಾದಾಗ ಕಾಕು ಬಂದಿದ್ದಳು, ಹಿಂದಿನ ಸಾಲಿನಲ್ಲಿ ಪರಕೀಯಳಂತೆ ಕೂತಿದ್ದಳು. ನನ್ನನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಉಡಿ ತುಂಬುವ ನೆಪದಲ್ಲಿ ಹತ್ತಿರ ಬಂದು, ಕಿವಿಯ ಹತ್ತಿರ ಬಾಯಿ ತಂದಳು.

"ಪದ್ದೀ, ಈಗರ ಹೇಳತಿಯೇನ ಅಕ್ಕಗ?"

"ಹೇಳ್ತೀನಿ ಕಾಕು."

ಹದಿನೈದು ವರ್ಷದಲ್ಲಿ ಅವಳು ಕೇಳಿದ್ದು ಅದೊಂದೇ ಸಲ. ಬೈಯಲಿಲ್ಲ, ತಾನೇ ಹೋಗಿ ಹೇಳಲೂ ಇಲ್ಲ. ಅವಳು ಹೇಳಿದರೆ ಅವ್ವ ನಂಬುತ್ತಿರಲಿಲ್ಲ, ಮಗುವಿನ ಮೇಲೆ ಹಾಕುತ್ತಿದ್ದಾಳೆ ಎನ್ನುತ್ತಿದ್ದಳು. ನನ್ನ ಬಾಯಿಂದಲೇ ಬರಬೇಕಿತ್ತು. ನಾನು ಹೇಳ್ತೀನಿ ಎಂದವಳು ಮತ್ತೆ ಹನ್ನೊಂದು ವರ್ಷ ಹಬ್ಬಕ್ಕೆ ಬಂದೆ, ಬಾಣಂತನಕ್ಕೆ ಬಂದೆ, ಉಂಡು ಹೋದೆ. ಮೊದಮೊದಲು ಹೆದರಿಕೆ, ಆಮೇಲೆ ನಾಚಿಕೆ, ಕೊನೆಗೆ ಸೋಮಾರಿತನ. ಮುದುಕಿಯರಾಗುತ್ತ ಬಂದಿದ್ದಾರೆ, ಈಗೇಕೆ ಕೆದಕಬೇಕು ಎಂದು ನನಗೆ ನಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದೆ. ನಾನು ಎಂಥವಳು ಎಂದು ಯಾರಾದರೂ ಕೇಳಿದರೆ ಇದಕ್ಕಿಂತ ಸರಿಯಾದ ಉತ್ತರ ನನ್ನಲ್ಲಿಲ್ಲ.

ಹೋದ ಮಳೆಗಾಲದಲ್ಲಿ ಕಾಕು ತೀರಿಕೊಂಡಳು. ಹೊಟ್ಟೆಯ ಬೇನೆ, ಎರಡೇ ತಿಂಗಳು. ಕೊನೆಯ ವಾರ ಗೋಡೆಯಾಚೆಯಿಂದ ನರಳುವ ದನಿ ನಮ್ಮ ಅಡುಗೆಮನೆಗೆ ಕೇಳುತ್ತಿತ್ತಂತೆ. ನಾನು ಸುದ್ದಿ ತಿಳಿದು ಓಡಿ ಬಂದಾಗ ಅಂಗಳದಲ್ಲಿ ಹೆಣ ಮಲಗಿಸಿದ್ದರು. ಊರೆಲ್ಲ ಬಂದಿತ್ತು. ಅವ್ವ ಬರಲಿಲ್ಲ. ಕರೆಯಲು ಹೋದ ನನ್ನ ತಮ್ಮನಿಗೆ ಮೊಣಕಾಲು ನೋವು ಎಂದಳು. ಗೋಡೆಯ ಈಚೆ ಕೂತು ಕಾಳು ಆರಿಸುತ್ತಿದ್ದಳು, ಹೆಣ ಎತ್ತುವಾಗ ಒಂದು ಗಳಿಗೆ ಕೈ ನಿಲ್ಲಿಸಿದಳು ಎಂದು ತಮ್ಮನ ಹೆಂಡತಿ ಹೇಳಿದಳು.

ಐದನೆಯ ದಿನ ಬೆಳಿಗ್ಗೆ ಅವ್ವ ಬಾವಿಕಟ್ಟೆಯಲ್ಲಿದ್ದಳು. ಮನೆಯಲ್ಲಿ ನಳವಿದೆ, ನೀರು ಶುದ್ಧ ಮಾಡುವ ಯಂತ್ರವಿದೆ, ತನ್ನ ಕುಡಿಯುವ ನೀರನ್ನು ಮಾತ್ರ ಅವಳು ಈಗಲೂ ಸೇದಿ ಸೋಸುತ್ತಾಳೆ. ಗೋಡೆಯಾಚೆಯ ಹಗ್ಗದ ಮೇಲೆ ಹಸಿರು ದಾರದ ಅರಿವೆಯೊಂದು ಯಾರೂ ತೆಗೆಯದೆ ಹಾಗೇ ನೇತಾಡುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಇಷ್ಟು ವರ್ಷ ಬಾರದ ಮಾತು ಎರಡೇ ಸಾಲಿನಲ್ಲಿ ಮುಗಿಯಿತು.

"ಅವ್ವಾ, ಆ ತತ್ತಿ ನಾ ತಂದಿದ್ದೆ. ಮೀನಿನ ಮರಿಗೋಳಿಗೆ. ಕಾಕು ಅಲ್ಲ."

ಅವ್ವ ಅರಿವೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ತೊಳೆದ ನೀರನ್ನು ತಂಬಿಗೆಗೆ ಇಳಿಸಿದಳು, ಹಗ್ಗ ಕಟ್ಟಿದಳು.

"ನಿನಗ ನೆನಪಿಲ್ಲ. ಸಣ್ಣಾಕಿ ಇದ್ದಿ."

"ಎಲ್ಲಾ ನೆನಪೈತಿ. ಬರಣಿಗೆ ಮುಚ್ಚಾಕ ಅಂತ ಆ ಅರಿವಿ ಕಾಕುನ ಕೊಟ್ಟಿದ್ಳು ನನಗ. ನಾನ ಅದರಾಗ ಕಟ್ಟಿ ಇಟ್ಟಿದ್ದೆ. ನಿನಗ ಹೇಳ್ತೀನಿ ಅಂತ ಅಕಿಗೂ ಮಾತ ಕೊಟ್ಟಿದ್ದೆ."

ತಂಬಿಗೆ ಇಳಿಯುತ್ತ ಹೋಯಿತು. ನೀರು ಮುಟ್ಟುವವರೆಗೂ ಅವ್ವ ಹಗ್ಗ ಬಿಡುತ್ತಲೇ ಇದ್ದಳು. ಮೆಲ್ಲಗೆ ಬಗ್ಗಿಸಿ, ಖಾಲಿ ತಂಬಿಗೆಯನ್ನು ಮೇಲೆಳೆದುಕೊಂಡು, ಕಟ್ಟೆಯ ಮೇಲೆ ಬೋರಲು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯಿತ್ತು, ಅಂಥ ಹೆದರಿಕೆಯನ್ನು ನಾನು ಅವಳ ಮುಖದಲ್ಲಿ ಯಾವತ್ತೂ ಕಂಡಿರಲಿಲ್ಲ.

"ಅಕೀನ ಇಟ್ಟಿದ್ಳು," ಎಂದಳು. "ಅಕಿ ಇಟ್ಟಿರಲಿಲ್ಲಂದ್ರ, ಮೊನ್ನಿ ನಾ ಯಾಕ ಅಕಿ ಮಾರಿ ನೋಡಾಕ ಹೋಗಲಿಲ್ಲ? ನೀನ ಹೇಳ, ಪದ್ದಿ. ನಾ ಯಾಕ ಹೋಗಲಿಲ್ಲ?"